ಮಾಳಗಿಗೆ ಕೈ ಹಚ್ಚೋ ಮುಂಚೆ ಗ್ವಾಡಿ ನೋಡ್ಬೇಕು: ಮನೆಯಲ್ಲಿದ್ದೇ ಚಾವಣಿ ಬದಲಿಸುವವರಿಗೆ ತಿಳಿದಿರಬೇಕಾದ ಲೆಕ್ಕ

ಹಿಂಗಾರಿ ಜೋಳ, ಕಡಲೆ ರಾಶಿ ಮುಗಿದವೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಊರೂರಲ್ಲಿ ಹಳೆ ಮನೆಗಳ ಚಾವಣಿ ಕೆಲಸ ಶುರುವಾಗುತ್ತದೆ. ಸೋರುವ ಮಾಳಿಗೆ ತೆಗೆದು ಪತ್ರಾ ಹಾಕುವವರು, ಹಂಚು ಇಳಿಸಿ ಸ್ಲ್ಯಾಬ್ ಹಾಕಿಸುವವರು, ಅಂಗಡಿ ಮೇಲಿನ ತುಕ್ಕು ಹಿಡಿದ ತಗಡು ಬದಲಿಸುವವರು ಎಲ್ಲರಿಗೂ ಒಂದೇ ಅವಸರ. ಮಿರಗದ ಮಳಿ ಹಿಡಿಯೋದ್ರೊಳಗ ಮುಗೀಬೇಕು.

ಬಹಳ ಮಂದಿಗೆ ಆ ಒಂದೆರಡು ತಿಂಗಳು ಬೇರೆ ಕಡೆ ಬಾಡಿಗೆ ಹಿಡಿಯುವ ಅನುಕೂಲ ಇರುವುದಿಲ್ಲ. ದನ, ಕಾಳುಕಡಿ, ಮಗ್ಗ, ಅಂಗಡಿ ಸಾಮಾನು ಬಿಟ್ಟು ಹೋಗುವಂತೆಯೂ ಇಲ್ಲ. ಹೀಗಾಗಿ ಅರ್ಧ ಚಾವಣಿ ತೆಗೆದ ಮನೆಯಲ್ಲೇ ಅಡುಗೆ, ಊಟ, ನಿದ್ದೆ, ಮಕ್ಕಳ ಓದು ಎಲ್ಲವೂ ನಡೆಯಬೇಕು. ಕೆಲಸ ನಡೆದಾಗ ಎಲ್ಲರ ಕಣ್ಣು ಮೇಲಕ್ಕೇ ಇರುತ್ತದೆ, ತಲೆ ಮೇಲೆ ಏನು ಬೀಳುತ್ತದೋ ಅಂತ. ಆದರೆ ಹೆಚ್ಚಿನ ಅಪಾಯ ಇರುವುದು ಪಕ್ಕದಲ್ಲಿ ನಿಂತ ಗೋಡೆಯಲ್ಲಿ.

ಬಡಾಲ ಅಂಕಲಗಿ ಕಲಿಸಿದ್ದು

2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮನೆ ಗೋಡೆ ಕುಸಿದು 7 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಹಳೆಯ ಮನೆ ದುರಸ್ತಿಗೆಂದು ಚಾವಣಿ ತೆಗೆಯಲಾಗಿತ್ತು, ಮಳೆಗೆ ಗೋಡೆ ನೆನೆದಿತ್ತು ಎಂದು ಆಗ ವರದಿಯಾಗಿತ್ತು. ಅದು ಹಸ್ತಾ ಮಳೆಯ ಕಾಲ. ಮುಂಗಾರು ಮುಗಿಯಿತು ಅಂತ ಜನ ಕೆಲಸಕ್ಕೆ ಕೈ ಹಚ್ಚುವ ದಿನಗಳೂ ಅವೇ.

ಈ ಭಾಗದಲ್ಲಿ ಅತಿವೃಷ್ಟಿಗೆ ಬೀಳುವ ಮನೆಗಳಲ್ಲಿ ಮಣ್ಣಿನ ಗೋಡೆಯವು ಬಹಳ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮುನವಳ್ಳಿ, ರಾಮದುರ್ಗ ಕಡೆ ನುಗ್ಗಿದಾಗ ಹೊಳೆಯ ನೀರು ಮುಟ್ಟದ ಊರುಗಳಲ್ಲೂ ಬರೀ ಮಳೆಗೆ ನೆನೆದು ಗೋಡೆಗಳು ಕುಸಿದವು. ಚಾವಣಿ ಮೇಲಿದ್ದಾಗಲೇ ಹೀಗಾದರೆ, ಅದನ್ನು ತೆಗೆದಿಟ್ಟ ಮನೆಯ ಗತಿ ಏನು ಎಂಬುದನ್ನು ಕೆಲಸ ಶುರು ಮಾಡುವ ಮುಂಚೆಯೇ ಯೋಚಿಸಬೇಕಾಗುತ್ತದೆ.

ಊರು ಬದಲಾದಂತೆ ಚಾವಣಿಯೂ ಬದಲು

ನಾಲ್ಕೂ ತಾಲ್ಲೂಕುಗಳಲ್ಲಿ ಮನೆ ಒಂದೇ ನಮೂನೆ ಇಲ್ಲ. ಕಿತ್ತೂರು ಮಲೆನಾಡಿನ ಅಂಚು, ಮಳೆ ಹೆಚ್ಚು. ಅಲ್ಲಿ ಇಳಿಜಾರು ಚಾವಣಿಗೆ ಹಂಚು ಹೊದಿಸಿದ ಮನೆಗಳು ಜಾಸ್ತಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ‘ಮಂಗಳೂರು ಹಂಚು’ ನಾಡಿನ ತುಂಬ ಹಬ್ಬಿತು. ಮಳೆ ಜೋರಿರುವ ಕಡೆ ಅದೇ ರೂಢಿಯಾಯಿತು.

ಬೈಲಹೊಂಗಲ ದಾಟಿ ಸವದತ್ತಿ, ರಾಮದುರ್ಗದತ್ತ ಹೋದಂತೆ ಮಳೆ ಕಡಿಮೆ, ಎರೆ ಹೊಲ ಹೆಚ್ಚು, ಬಿಸಿಲು ಜೋರು. ಅಲ್ಲಿಯದು ಮಣ್ಣಿನ ಮಾಳಿಗೆ. ಕಂಬದ ಮೇಲೆ ತೊಲೆ, ತೊಲೆ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಸಣ್ಣ ಕಟ್ಟಿಗೆ ತುಂಡು, ಸೊಪ್ಪು, ಕೊನೆಗೆ ಮಣ್ಣು. ಎಲ್ಲಕ್ಕೂ ಮೇಲೆ ಚೌಳು ಮಣ್ಣಿನ ಪದರು. ಚೌಳು ಮಣ್ಣಿನಲ್ಲಿ ಹುಲ್ಲು ಬೇರು ಬಿಡುವುದಿಲ್ಲ, ಬೇಗ ನೀರೂ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಬೆಳಕಿಗೆ ಬೆಳಕಿಂಡಿ, ನೀರು ಹೊರಹೋಗಲು ದೋಣಿ, ಅಂಚಿಗೆ ಕುಂಬಿ.

ಇಂಥ ಮಾಳಿಗೆಗೆ ವರ್ಷಾ ವರ್ಷ ಆರೈಕೆ ಬೇಕು. ಹಿಂದೆ ಬೇಸಿಗೆಗೊಮ್ಮೆ ಮೇಲೆ ಹತ್ತಿ ಬಿರುಕು ಮುಚ್ಚಿ, ಬಡಿದು, ದೋಣಿ ಸ್ವಚ್ಛ ಮಾಡುತ್ತಿದ್ದರು. ಈಗ ಆ ಕೆಲಸ ಬಲ್ಲವರೂ ಕಡಿಮೆ, ಮಾಡುವವರೂ ಕಡಿಮೆ. ಸೋರಿದಲ್ಲೆಲ್ಲ ಮತ್ತೊಂದು ಬುಟ್ಟಿ ಮಣ್ಣು ಹಾಕುತ್ತ ಹೋದದ್ದರಿಂದ ಒಂದು ಕಾಲಕ್ಕೆ ಮುಕ್ಕಾಲು ಅಡಿ ಇದ್ದ ಮಣ್ಣು ಅಡಿ, ಒಂದೂವರೆ ಅಡಿ ಆಗಿರುವ ಮನೆಗಳಿವೆ. ಭಾರ ಏರಿದೆ, ಹೊರುವ ಜಂತಿಗೆ ವಯಸ್ಸಾಗಿದೆ.

ಭಾರದ ಲೆಕ್ಕ: ಹತ್ತಡಿಗೆ ಹತ್ತಡಿ

ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಖೋಲಿ ತೆಗೆದುಕೊಂಡರೆ ಲೆಕ್ಕ ಸುಲಭ. ಅದರ ಮೇಲೆ ಒಂದು ಅಡಿ ಮಣ್ಣಿದ್ದರೆ ಅದು 100 ಘನ ಅಡಿ, ಅಂದರೆ ಉಸುಕಿನವರ ಲೆಕ್ಕದಲ್ಲಿ ಸರಿಯಾಗಿ ಒಂದು ಬ್ರಾಸ್. ಒಣಗಿದ್ದಾಗ ಅದರ ತೂಕ ಸುಮಾರು 45 ಕ್ವಿಂಟಲ್. ನಾಲ್ಕು ದಿನ ಜಿಟಿಜಿಟಿ ಮಳೆ ಕುಡಿದರೆ 50 ಕ್ವಿಂಟಲ್ ದಾಟುತ್ತದೆ.

ಅದೇ ಜಾಗಕ್ಕೆ 5 ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ಸುಮಾರು 30 ಕ್ವಿಂಟಲ್. ಮಂಗಳೂರು ಹಂಚು 140–150 ಬೇಕು, ಕಟ್ಟಿಗೆ ಬಿಟ್ಟರೆ 4 ಕ್ವಿಂಟಲ್ ಆಸುಪಾಸು. ಪತ್ರಾ ಹಾಕಿದರೆ ಪೈಪು ಸೇರಿ ಒಂದೂವರೆ ಕ್ವಿಂಟಲ್ ಒಳಗೇ ಮುಗಿಯುತ್ತದೆ.

ಈ ಅಂಕಿ ನೋಡಿ ‘ಮಣ್ಣಿಗಿಂತ ಸ್ಲ್ಯಾಬ್ ಹಗೂರ ಐತಿ, ಹಳೆ ಗ್ವಾಡಿ ಮ್ಯಾಲೆ ಹಾಕಿದ್ರ ಏನಾಗೂದಿಲ್ಲ’ ಅನ್ನುವವರಿದ್ದಾರೆ. ಇಲ್ಲೇ ಲೆಕ್ಕ ತಪ್ಪುವುದು. ಹಳೆ ಮಾಳಿಗೆ ಮನೆಯಲ್ಲಿ ಭಾರದ ದೊಡ್ಡ ಪಾಲನ್ನು ಹೊರುತ್ತಿದ್ದದ್ದು ಒಳಗಿನ ಕಟ್ಟಿಗೆ ಕಂಬ ಮತ್ತು ತೊಲೆ. ಸ್ಲ್ಯಾಬ್ ಹಾಕುವಾಗ ಕಂಬ ತೆಗೆದು ಪಡಸಾಲೆ ಬಯಲು ಮಾಡುತ್ತಾರೆ. ಆಗ ಇಡೀ 30 ಕ್ವಿಂಟಲ್ ಸುತ್ತಲಿನ ಮಣ್ಣಿನ ಗೋಡೆ ಮೇಲೆ ಕೂರುತ್ತದೆ. ಒಟ್ಟು ಭಾರ ಇಳಿದರೂ ಗೋಡೆಯ ಪಾಲಿಗೆ ಬರುವ ಭಾರ ಏರುತ್ತದೆ.

ಹೀಗಾಗಿ ಹಳೆ ಗೋಡೆ ಮಣ್ಣಿನದಾಗಿದ್ದು ಸ್ಲ್ಯಾಬ್ ಬೇಕೇ ಬೇಕೆಂದರೆ, ನೆಲದಿಂದಲೇ ಪಾಯ ತೆಗೆದು ಆರ್‌ಸಿಸಿ ಕಂಬ ನಿಲ್ಲಿಸಿ ಅದರ ಮೇಲೆ ಸ್ಲ್ಯಾಬ್ ಕೂರಿಸಬೇಕು. ಎರೆ ನೆಲದಲ್ಲಿ ಪಾಯ ಎರೆ ಮಣ್ಣು ದಾಟಿ ಗರಸು ಸಿಗುವವರೆಗೂ ಹೋಗಬೇಕು. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅದರ ಮೇಲೆ ನಿಂತ ಕಂಬ ಕದಲುತ್ತದೆ. ಕಂಬದ ಗುಂಡಿಗಳನ್ನು ಹಳೆ ಗೋಡೆಯ ಬುಡಕ್ಕೆ ಹತ್ತಿಕೊಂಡು, ಎಲ್ಲವನ್ನೂ ಒಂದೇ ದಿನ ಅಗೆಯುವುದೂ ಅಪಾಯ. ಗುಂಡಿ ಬಿಟ್ಟು ಗುಂಡಿ ಅಗೆದು, ತುಂಬಿ, ಆಮೇಲೆ ಮುಂದಿನದಕ್ಕೆ ಹೋಗಬೇಕು.

ಮೊದಲು ನೋಡಬೇಕಾದದ್ದು

ಕೆಲಸ ಗುತ್ತಿಗೆ ಕೊಡುವ ಮುಂಚೆ ಮನೆಯವರೇ ಅರ್ಧ ದಿನ ಕೊಟ್ಟರೆ ಬಹಳಷ್ಟು ಗೊತ್ತಾಗುತ್ತದೆ.

ಗೋಡೆ: ದಾರಕ್ಕೆ ಗುಂಡು ಕಟ್ಟಿ ಮೇಲಿನಿಂದ ಇಳಿಬಿಟ್ಟರೆ ಗೋಡೆ ಹೊರಗೆ ವಾಲಿದೆಯೋ, ನಡುವೆ ಹೊಟ್ಟೆ ಬಿಟ್ಟಿದೆಯೋ ತಿಳಿಯುತ್ತದೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಮೇಲಿನಿಂದ ಕೆಳಗೆ ಬಿರುಕಿದ್ದರೆ ಒಂದಕ್ಕೊಂದು ಹಿಡಿತ ಬಿಟ್ಟಿವೆ ಅಂತ ಅರ್ಥ. ಇಂಥ ಗೋಡೆಯನ್ನು ಚಾವಣಿಯ ಭಾರವೇ ಒತ್ತಿ ಹಿಡಿದಿರುತ್ತದೆ. ಚಾವಣಿ ತೆಗೆದರೆ ಅದಕ್ಕೆ ಹಿಡಿತವೇ ಉಳಿಯುವುದಿಲ್ಲ.

ಗೋಡೆಯ ಬುಡ: ನೆಲದಿಂದ ಎರಡಡಿ ತನಕ ಕೈಯಿಂದ ಒತ್ತಿ ನೋಡಬೇಕು. ಹೊರಗೆ ಸಿಮೆಂಟ್ ಗಿಲಾವ್ ಚೊಲೋ ಕಂಡರೂ ಒಳಗೆ ಮಣ್ಣು ಹಸಿ ಹಿಡಿದು ಉದುರಿರಬಹುದು. ಬಡಿದಾಗ ಟೊಳ್ಳು ಸದ್ದು ಬಂದರೆ ಗಿಲಾವ್ ಬೇರೆ, ಗೋಡೆ ಬೇರೆ ಆಗಿವೆ.

ಜಂತಿ ಮತ್ತು ತೊಲೆ: ಜಂತಿ ಮೊದಲು ಕೆಡುವುದು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಅಲ್ಲಿ ದಬ್ಬಣ ಚುಚ್ಚಿದಾಗ ಸಲೀಸಾಗಿ ಒಳಗೆ ಹೋದರೆ, ಬುಡದಲ್ಲಿ ಪುಡಿ ಬಿದ್ದಿದ್ದರೆ ಗೆದ್ದಲು ಇಲ್ಲವೇ ಹುಳು ತಿಂದಿದೆ. ನಡುವೆ ಜಗ್ಗಿದೆಯೋ ಅಂತ ನೋಡಲು ಈ ಗೋಡೆಯಿಂದ ಆ ಗೋಡೆಗೆ ದಾರ ಕಟ್ಟಿದರೆ ಸಾಕು.

ಎಲ್ಲ ಜಂತಿಯೂ ಗಟ್ಟಿಯಿದ್ದು ಸೋರುವುದೊಂದೇ ತ್ರಾಸಾಗಿದ್ದರೆ ಇಡೀ ಮಾಳಿಗೆ ತೆಗೆಯುವ ಅಗತ್ಯವೇ ಬೀಳದಿರಬಹುದು. ಹೆಚ್ಚಾದ ಮಣ್ಣು ಇಳಿಸಿ, ಕೆಟ್ಟ ನಾಲ್ಕೈದು ಜಂತಿ ಬದಲಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ತೆಳ್ಳಗೆ ಮಣ್ಣು ಬಡಿದು ದೋಣಿಗೆ ಇಳಿಜಾರು ಕೊಟ್ಟರೆ ಇನ್ನಷ್ಟು ವರ್ಷ ದೂಡಬಹುದು. ಮನೆಯ ತಂಪೂ ಉಳಿಯುತ್ತದೆ.

ಅಂಕಣ ಅಂಕಣವಾಗಿ

ಹಳೆ ಮನೆಗಳನ್ನು ಅಂಕಣದ ಲೆಕ್ಕದಲ್ಲೇ ಕಟ್ಟಿದ್ದು. ಕೆಡವುವುದೂ ಅದೇ ಲೆಕ್ಕದಲ್ಲಿ ಆಗಬೇಕು. ‘ಎಲ್ಲಾ ಒಮ್ಮೆ ತೆಗದ್ರ ಮೂರು ದಿನದಾಗ ಮುಗೀತೈತ್ರಿ’ ಎಂಬ ಮಾತಿಗೆ ಮರುಳಾಗಿ ಇಡೀ ಮನೆ ಬೋಳು ಮಾಡಿದರೆ ಒಂದೇ ಅಡ್ಡಮಳೆ ನಾಲ್ಕೂ ಗೋಡೆ ನೆನೆಸಿಬಿಡುತ್ತದೆ. ಸಿಮೆಂಟ್ ಬರುವುದು ತಡ, ಸೆಂಟ್ರಿಂಗ್‌ನವರು ಬೇರೆ ಊರಿನ ಕೆಲಸಕ್ಕೆ ಹೋದರು, ಊರಲ್ಲಿ ಜಾತ್ರೆ ಬಂತು, ಹೀಗೆ ಮೂರು ದಿನದ ಕೆಲಸ ಮೂರು ವಾರಕ್ಕೆ ಬೀಳುವುದು ಹೊಸದೇನಲ್ಲ. ಯಲ್ಲಮ್ಮನ ಗುಡ್ಡದ ಜಾತ್ರೆಯ ಹುಣ್ಣಿಮೆಗಳಲ್ಲಿ ಸವದತ್ತಿ ಕಡೆ, ಕಬ್ಬಿನ ಹಂಗಾಮಿನಲ್ಲಿ ಬೈಲಹೊಂಗಲ, ಕಿತ್ತೂರು ಕಡೆ ಆಳು ಸಿಗುವುದು ಕಷ್ಟ.

ಕೆಲಸದ ಕ್ರಮ ಹೀಗಿದ್ದರೆ ಕ್ಷೇಮ. ಒಂದು ಅಥವಾ ಎರಡು ಅಂಕಣ ಮಾತ್ರ ತೆಗೆಯಬೇಕು. ಮಣ್ಣು ಇಳಿಸುವ ಮುಂಚೆ ಪಕ್ಕದ ಅಂಕಣದ ತೊಲೆಗೆ ಆಸರೆ ಕಂಬ ಕೊಡಬೇಕು. ಒಂದೇ ಕಡೆಯಿಂದ ಮಣ್ಣು ಎಳೆದರೆ ಭಾರ ವಾಲಿ ತೊಲೆ ತಿರುಗುತ್ತದೆ. ಅದಕ್ಕೆ ಎರಡೂ ಬದಿಯಿಂದ ಸಮ ಇಳಿಸುತ್ತ ಬರಬೇಕು. ಇಳಿಸಿದ ಮಣ್ಣನ್ನು ಗೋಡೆಗೆ ಒತ್ತಿ ರಾಶಿ ಹಾಕಲೇಬಾರದು. ಒಂದು ಬ್ರಾಸ್ ಮಣ್ಣು ಗೋಡೆಯನ್ನು ಬದಿಯಿಂದ ದೂಡುತ್ತದೆ, ಮಳೆ ಬಂದರೆ ಹಸಿಯನ್ನೂ ಹಿಡಿದಿಡುತ್ತದೆ. ಟ್ರ್ಯಾಕ್ಟರ್ ಟ್ರೇಲರ್ ಬಾಗಿಲಲ್ಲಿ ನಿಂತ ಮೇಲೇ ಮಣ್ಣಿಗೆ ಕೈ ಹಾಕಿದರೆ ಒಳ್ಳೆಯದು.

ಜಂತಿ ತೆಗೆದ ಮೇಲೆ ಗೋಡೆ ಒಂಟಿಯಾಗುತ್ತದೆ. ಎದುರುಬದುರಿನ ಗೋಡೆಗಳ ನಡುವೆ ಮೇಲ್ಭಾಗದಲ್ಲಿ ಅಡ್ಡ ಬೊಂಬು ಬಿಗಿದು, ಹೊರಗಿನಿಂದ ಓರೆಯಾಗಿ ಆಸರೆ ಕೊಡಬೇಕು. ಖರ್ಚು ಹೆಚ್ಚಲ್ಲ. ಆದರೂ ಕೆಲಸದಲ್ಲಿ ಮೊದಲು ಕೈಬಿಡುವುದು ಇದನ್ನೇ.

ಊರ ಅಂಚಿನ ಮನೆ, ಹೊಲದಲ್ಲಿನ ಮನೆ, ಗುಡ್ಡದ ಓರೆಯ ಮನೆಗಳಿಗೆ ಇನ್ನೊಂದು ಮಾತು. ಮುಂಗಾರಿನ ಗಾಳಿ ಪಡುವಲದಿಂದ ಬರುತ್ತದೆ. ಮರೆಯಿಲ್ಲದ ಮನೆಯಲ್ಲಿ ಪಡುವಲ ಬದಿಯ ಚಾವಣಿ ಮಳೆಗಾಲಕ್ಕೆ ಮುಂಚೆ ಪೂರ್ತಿ ಮುಗಿದಿರಬೇಕು. ಮುಗಿಯುವ ನಂಬಿಕೆ ಇಲ್ಲದಿದ್ದರೆ ಆ ಬದಿಗೆ ಈ ವರ್ಷ ಕೈ ಹಚ್ಚದೆ ಮೂಡಲ ಬದಿಯಷ್ಟೇ ಮಾಡಿಕೊಳ್ಳುವುದು ಜಾಣತನ.

ಗೋಡೆ ತಲೆಗೆ ಟೊಪ್ಪಿಗೆ

ಚಾವಣಿ ತೆಗೆದ ಗೋಡೆಗೆ ಮಳೆಯಿಂದ ಪೆಟ್ಟು ಬೀಳುವುದು ಬದಿಗಿಂತ ತಲೆಯ ಮೇಲೇ ಹೆಚ್ಚು. ಬದಿಗೆ ಗಿಲಾವ್ ಇರುತ್ತದೆ. ತಲೆ ಬರೀ ಮಣ್ಣು. ಅಲ್ಲಿಂದ ಇಳಿದ ನೀರು ಗಿಲಾವಿನ ಒಳಗೇ ನಿಂತು ಹೊರಗೆ ಕಾಣುವುದೇ ಇಲ್ಲ. ಒಣ ಮಣ್ಣಿನ ಗೋಡೆ ಎಷ್ಟು ಗಟ್ಟಿಯೋ, ನೀರು ಕುಡಿದ ಮೇಲೆ ಅಷ್ಟೇ ಮೆತ್ತಗೆ.

ಅದಕ್ಕೆ ಪ್ರತಿ ಸಂಜೆ ಕೆಲಸ ಬಿಡುವಾಗ ಮೋಡ ಇರಲಿ ಬಿಡಲಿ, ತೆರೆದ ಗೋಡೆಯ ತಲೆಗೆ ತಾಡಪತ್ರಿ ಹೊದಿಸಿ ಎರಡೂ ಬದಿ ಎರಡೆರಡು ಅಡಿ ಇಳಿಬಿಟ್ಟು ಕಟ್ಟಬೇಕು. ಮೇಲೆ ಕಲ್ಲು ಹೇರಿದರೆ ಗಾಳಿಗೆ ಕಲ್ಲೇ ಕೆಳಗೆ ಬರುತ್ತದೆ. ಹಗ್ಗ ಹಾಕಿ ಗೂಟಕ್ಕೆ ಬಿಗಿಯುವುದು ಸರಿ. ತೆರೆದ ಅಂಕಣದ ಮೇಲೆ ತಾಡಪತ್ರಿ ಚಪ್ಪಟೆ ಹಾಸಿದರೆ ನಡುವೆ ನೀರು ತುಂಬಿ ಹೊಟ್ಟೆ ಬಿಡುತ್ತದೆ. ನಡುವೆ ಒಂದು ಬೊಂಬು ಎತ್ತರಿಸಿ ಗುಡಾರದಂತೆ ಇಳಿಜಾರು ಕೊಟ್ಟರೆ ನೀರು ನಿಲ್ಲುವುದಿಲ್ಲ.

ಇಷ್ಟಾದರೂ ಗೋಡೆ ನೆನೆದರೆ? ಆ ಗೋಡೆಯ ಎತ್ತರದಷ್ಟು ದೂರ, ಇನ್ನೂ ಸ್ವಲ್ಪ ಹೆಚ್ಚೇ ಬಿಟ್ಟು ಇರಬೇಕು. ಮಲಗುವುದು, ಅಡುಗೆ, ದನ ಕಟ್ಟುವುದು ಯಾವುದೂ ಅದರ ನೆರಳಲ್ಲಿ ಬೇಡ. ಮಳೆ ನಿಂತ ಕೂಡಲೇ ಅಪಾಯ ಮುಗಿಯುವುದಿಲ್ಲ. ತಲೆಯಿಂದ ಇಳಿದ ನೀರು ಬುಡ ಮುಟ್ಟುವುದಕ್ಕೆ ಹೊತ್ತು ಬೇಕು. ಬಿಸಿಲು ಬಿದ್ದ ಮರುದಿನವೂ ಗೋಡೆ ಬೀಳಬಹುದು. ಮಣ್ಣು ಸಣ್ಣಗೆ ಉದುರುವುದು, ಬಿರುಕು ಒಂದೇ ದಿನದಲ್ಲಿ ಅಗಲವಾಗುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಇವು ಗೋಡೆ ಕೊಡುವ ಸೂಚನೆ. ಸಾಮಾನು ತೆಗೆಯಲು ಒಳಗೆ ಓಡುವ ಹೊತ್ತು ಅದಲ್ಲ.

ಆ ದಿನಗಳಲ್ಲಿ ಸಂಸಾರ

ಕೆಲಸ ನಡೆಯುವಾಗ ಮಲಗಲು ಒಂದೇ ಜಾಗ ಗೊತ್ತು ಮಾಡಿಕೊಂಡು, ಅದನ್ನು ಕೊನೆಯವರೆಗೂ ಮುಟ್ಟದೆ ಇಟ್ಟುಕೊಳ್ಳುವುದು ಒಳ್ಳೆಯದು. ಬಹಳ ಮನೆಗಳಲ್ಲಿ ದನದ ಕೊಟ್ಟಿಗೆ ಇಲ್ಲವೇ ಹಿತ್ತಲಿನ ಪತ್ರಾ ಶೆಡ್ಡೇ ಆ ಜಾಗ. ಮುದುಕರು, ಬಾಣಂತಿ, ಕೂಸುಗಳಿದ್ದರೆ ಮಾಳಿಗೆ ಮಣ್ಣು ಇಳಿಸುವ ದಿನಗಳಲ್ಲಾದರೂ ಬೀಗರ ಮನೆಗೆ ಕಳಿಸಬೇಕು. ಹತ್ತಾರು ವರ್ಷದ ಧೂಳು ಅದು. ದಮ್ಮಿನ ಕಾಯಿಲೆ ಇದ್ದವರಿಗೆ ತಡೆಯಲಾಗದು. ಕೆಲಸಗಾರರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಹಳೆ ಮಾಳಿಗೆಯಲ್ಲಿ, ಹಂಚಿನ ಸಂದಿಯಲ್ಲಿ ಚೇಳು, ಹಾವು, ಇಲಿ ಇರುತ್ತವೆ. ಬರಿಗೈ ಹಾಕದೆ ಸಲಿಕೆಯಿಂದ ಎತ್ತುವುದು ರೂಢಿಯಾಗಬೇಕು.

ಕಾಳಿನ ಚೀಲಗಳನ್ನು ನೆಲದಿಂದ ಎತ್ತರಕ್ಕೆ, ಗೋಡೆಯಿಂದ ದೂರಕ್ಕೆ ಇಡಬೇಕು. ಮನೆ ಪತ್ರ, ಉತಾರ, ಮಕ್ಕಳ ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಮೊದಲ ದಿನವೇ ಬೇರೆ ಕಡೆ ಹೋಗಬೇಕು.

ಕರೆಂಟಿನದು ಬೇರೆಯೇ ಜಾಗ್ರತೆ. ಹಳೆ ಮನೆಯ ವೈರು ಜಂತಿಗೇ ಹೊಡೆದಿರುತ್ತದೆ. ಜಂತಿ ಎಳೆಯುವಾಗ ವೈರು ಕಿತ್ತು ಪತ್ರಾಕ್ಕೆ ತಾಗಿದರೆ ಇಡೀ ಚಾವಣಿಗೆ ಕರೆಂಟು ಹರಿಯುತ್ತದೆ. ಬರೀ ಮೇನ್ ಸ್ವಿಚ್ ಆಫ್ ಮಾಡಿದರೆ ಕಂಬದಿಂದ ಮನೆಗೆ ಬರುವ ಸರ್ವೀಸ್ ವೈರು ಜೀವಂತವೇ ಇರುತ್ತದೆ. ಅದು ಚಾವಣಿ ಹತ್ತಿರ ಹಾದುಹೋಗಿದ್ದರೆ ಹೆಸ್ಕಾಂ ಶಾಖೆಗೆ ಅರ್ಜಿ ಕೊಟ್ಟು ಕೆಲಸದ ದಿನಗಳಿಗೆ ತೆಗೆಸಿಕೊಳ್ಳಬೇಕು. ಉದ್ದನೆಯ ಪೈಪು, ಪತ್ರಾ ಮೇಲೆತ್ತುವಾಗ ಬೀದಿಯ ತಂತಿಯ ಮೇಲೂ ಒಬ್ಬರ ಕಣ್ಣಿರಬೇಕು.

ರಾಮದುರ್ಗ, ಮುನವಳ್ಳಿ ಕಡೆ ನೇಕಾರರ ಮನೆಗಳಲ್ಲಿ ಮನೆ ಮತ್ತು ದುಡಿಮೆ ಒಂದೇ ಸೂರಿನಡಿ. ಮಗ್ಗದ ಮೇಲಿನ ಚಾವಣಿ ತೆಗೆದ ದಿನದಿಂದ ಕೂಲಿಯೂ ನಿಂತಂತೆ. ಹಾಸು ಮುಗಿದು ಹೊಸ ಹಾಸು ಹೂಡುವ ನಡುವಿನ ದಿನಗಳಿಗೆ ಆ ಅಂಕಣದ ಕೆಲಸ ಹೊಂದಿಸಿಕೊಂಡರೆ ನೂಲು ಕೆಡುವುದಿಲ್ಲ. ಕುಣಿ ಮಗ್ಗ ಇದ್ದರೆ ಕುಣಿಯನ್ನು ಹಲಗೆ ಹಾಕಿ ಮುಚ್ಚಲೇಬೇಕು. ನೀರೂ ಇಳಿಯದು, ಕತ್ತಲಲ್ಲಿ ಕಾಲೂ ಇಳಿಯದು.

ಪೇಟೆಯ ಅಂಗಡಿ, ಸಾಮಾಯಿಕ ಗೋಡೆ

ಬೈಲಹೊಂಗಲ, ಸವದತ್ತಿ ಪೇಟೆಗಳ ಹಳೆ ಸಾಲಿನಲ್ಲಿ ಎರಡು ಅಂಗಡಿಗಳ ನಡುವೆ ಒಂದೇ ಗೋಡೆ. ಎರಡೂ ಕಡೆಯ ಜಂತಿ ಅದರ ಮೇಲೇ ಕೂತಿರುತ್ತವೆ. ಒಬ್ಬರು ತಮ್ಮ ಬದಿಯ ಚಾವಣಿ ತೆಗೆದರೆ ಇನ್ನೊಬ್ಬರ ಚಾವಣಿಯ ಭಾರ ಗೋಡೆಯನ್ನು ಖಾಲಿ ಬದಿಗೆ ದೂಡುತ್ತದೆ. ನೀರು ಇಳಿದರೆ ನೆರೆಯವರ ಬಟ್ಟೆ, ಕಿರಾಣಿ ಎರಡೂ ಹಾಳು. ಕೆಲಸ ಶುರು ಮಾಡುವ ಮುಂಚೆ ನೆರೆಯವರ ಜತೆ ಕೂತು ಮಾತಾಡಿ, ಗೋಡೆಯ ಈಗಿನ ಸ್ಥಿತಿಯ ಫೋಟೊ ಎರಡೂ ಕಡೆಯವರು ತೆಗೆದಿಟ್ಟುಕೊಂಡರೆ ಆಮೇಲೆ ‘ಈ ಬಿರುಕು ನಿಮ್ಮಿಂದ ಬಂತು’ ಎಂಬ ಜಗಳ ಹುಟ್ಟುವುದಿಲ್ಲ. ಹೊಸ ಚಾವಣಿಯ ನೀರು ಯಾರ ಜಾಗಕ್ಕೆ ಬೀಳುತ್ತದೆ ಎಂಬುದೂ ಆಗಲೇ ತೀರ್ಮಾನವಾಗಬೇಕು.

ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬ್ ಬರುವುದಿದ್ದರೆ, ಮೇಲೊಂದು ಅಂತಸ್ತಿನ ವಿಚಾರವಿದ್ದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗದಲ್ಲಿ ಪುರಸಭೆ, ಕಿತ್ತೂರಿನಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯಲ್ಲಿ ಪರವಾನಗಿ ವಿಚಾರಿಸಿಕೊಳ್ಳಬೇಕು. ಅರ್ಧ ಕೆಲಸದಲ್ಲಿ ತಕರಾರು ಬಂದು ನಿಂತರೆ ತೆರೆದ ಗೋಡೆ ಅಷ್ಟು ದಿನ ಹಾಗೇ ಉಳಿಯುತ್ತದೆ.

ಪತ್ರಾ ಹಾಕುವವರಿಗೆ: ಗಾಳಿಯ ತೂಕ

ಪತ್ರಾ ಅಗ್ಗ, ಬೇಗ ಮುಗಿಯುತ್ತದೆ, ಗೋಡೆಗೆ ಭಾರವಿಲ್ಲ. ಆದರೆ ಮಣ್ಣಿನ ಮಾಳಿಗೆಯನ್ನು ಯಾವ ಗಾಳಿಯೂ ಎತ್ತಲಾರದು, ಪತ್ರಾವನ್ನು ಎತ್ತಬಲ್ಲದು. ಗಂಟೆಗೆ 80 ಕಿ.ಮೀ. ವೇಗದ ಗಾಳಿ ಬೀಸಿದಾಗ ಹತ್ತಡಿ ಹತ್ತಡಿ ಚಾವಣಿಯನ್ನು ಮೇಲಕ್ಕೆ ಎಳೆಯುವ ಬಲ 3 ಕ್ವಿಂಟಲ್ ಹತ್ತಿರ ಹೋಗುತ್ತದೆ. ಪತ್ರಾ, ಪೈಪು ಸೇರಿದರೂ ತೂಕ ಅದರ ಅರ್ಧ. ಅಂಚು, ಮೂಲೆಗಳಲ್ಲಿ ಎಳೆತ ಇನ್ನೂ ಹೆಚ್ಚು. ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿಯೂ ಕೆಳಗಿನಿಂದ ದೂಡುತ್ತದೆ.

ಆದ್ದರಿಂದ ಪೈಪನ್ನು ಮಣ್ಣಿನ ಗೋಡೆಯ ಕೊನೆಯ ಸಾಲಿಗೆ ಕಚ್ಚಿಸಿದರೆ ಉಪಯೋಗವಿಲ್ಲ. ಗೋಡೆ ತಲೆಗೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿ ಅದರಲ್ಲಿ ಕಬ್ಬಿಣದ ಸರಳು ಹುಗಿದು ಪೈಪು ಬಿಗಿಯಬೇಕು, ಇಲ್ಲವೇ ನೆಲದಿಂದಲೇ ಕಬ್ಬಿಣದ ಕಂಬ ಎತ್ತಬೇಕು. ಪತ್ರಾಕ್ಕೆ ವಾಷರ್ ಇರುವ ಸ್ಕ್ರೂ ಅಥವಾ ಹುಕ್ಕು ಬಳಸಿ, ಅಂಚಿನ ಸಾಲಿನಲ್ಲಿ ಹತ್ತಿರ ಹತ್ತಿರ ಹಾಕಬೇಕು. ಮೇಲೆ ಕಲ್ಲು, ಟೈರು ಇಡುವ ರೂಢಿ ಬಿಟ್ಟರೆ ಒಳ್ಳೆಯದು. ಪತ್ರಾ ಎದ್ದ ದಿನ ಆ ಕಲ್ಲು ಯಾರ ತಲೆ ಮೇಲೆ ಬೀಳುತ್ತದೋ ಹೇಳಲಾಗದು.

ಇನ್ನೊಂದು ತಪ್ಪು ಊರೂರಲ್ಲಿ ಕಾಣುತ್ತದೆ. ಹಳೆ ಕುಂಬಿ ಹಾಗೇ ಬಿಟ್ಟು ಅದರ ಒಳಗೆ ಪತ್ರಾ ಇಳಿಸುತ್ತಾರೆ. ನೀರು ಕುಂಬಿಗೂ ಪತ್ರಾಕ್ಕೂ ನಡುವೆ ನಿಂತು ಸೀದಾ ಗೋಡೆಯೊಳಗೆ ಇಳಿಯುತ್ತದೆ. ಕುಂಬಿ ತೆಗೆದು ಪತ್ರಾವನ್ನು ಗೋಡೆಯಿಂದ ಒಂದೂವರೆ ಎರಡಡಿ ಆಚೆ ಚಾಚಿದರೆ ಗೋಡೆಗೆ ಸೂರಿನ ಮರೆ ಸಿಗುತ್ತದೆ.

ಹಳೆ ಸಿಮೆಂಟ್ ತಗಡಿನ ಮೇಲೆ ಎಂದೂ ನೇರ ಕಾಲಿಡಬಾರದು. ನೋಡಲು ಗಟ್ಟಿ ಕಂಡರೂ ಬಿಸಿಲು ಮಳೆಗೆ ಪೆಡಸಾಗಿ, ತುಳಿದ ಕೂಡಲೇ ಒಡೆಯುತ್ತದೆ. ಕೆಳಗಿನ ಪೈಪಿನ ಸಾಲಿನ ಮೇಲೆ ಹಲಗೆ ಹಾಸಿ ನಡೆಯಬೇಕು. ಅಸ್ಬೆಸ್ಟಾಸ್ ಇರುವ ಹಳೆ ತಗಡನ್ನು ಕೊಯ್ಯುವುದು, ಪುಡಿ ಮಾಡುವುದು ಬೇಡ. ಆ ಧೂಳು ಪುಪ್ಪುಸಕ್ಕೆ ಕೇಡು. ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು.

ಸ್ಲ್ಯಾಬಿನ ದಿನಗಳು

ಸ್ಲ್ಯಾಬ್ ಒಂದೇ ದಿನದಲ್ಲಿ ಬೀಳುತ್ತದೆ, ಆದರೆ ಮನೆ ಕೈಗೆ ಬರಲು ವಾರಗಳು ಬೇಕು. ಹದಿನೈದಡಿ ಒಳಗಿನ ಹರವಿನ ಸ್ಲ್ಯಾಬಿಗೆ ಆಸರೆ ಕಂಬ ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ಇರಬೇಕು, ಇಪ್ಪತ್ತಡಿ ದಾಟಿದ ಬೀಮಿಗೆ 21 ದಿನ ಎಂದು ಭಾರತೀಯ ಮಾನಕ ಹೇಳುತ್ತದೆ. ಇವು ಕನಿಷ್ಠ ದಿನಗಳು. ಅಲ್ಲಿಯವರೆಗೆ ಕೆಳಗೆ ಕಂಬಗಳ ಕಾಡು. ಅಲ್ಲಿ ಮಲಗುವಂತಿಲ್ಲ, ಮಕ್ಕಳು ಆಡುವಂತಿಲ್ಲ. ಬಾಡಿಗೆ ಉಳಿಸಲು ಸೆಂಟ್ರಿಂಗ್ ಬೇಗ ಬಿಚ್ಚುವುದು ಉಳಿತಾಯವಲ್ಲ.

ನೀರುಣಿಸುವುದು ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚು ಬಳಕೆಯಲ್ಲಿರುವ ಪಿಪಿಸಿ ಸಿಮೆಂಟಿಗೆ 10 ದಿನ. ಹತ್ತಡಿ ಹತ್ತಡಿ ಸ್ಲ್ಯಾಬಿನ ಮೇಲೆ ಎರಡು ಇಂಚು ನೀರು ನಿಲ್ಲಿಸಲು ಸುಮಾರು 470 ಲೀಟರ್ ಬೇಕು, ಅಂದರೆ ಎರಡು ದೊಡ್ಡ ಬ್ಯಾರಲ್‌ಗಿಂತ ಹೆಚ್ಚು. ಬಿಸಿಲಿಗೆ ಆರಿದ್ದನ್ನು ದಿನಾ ತುಂಬಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಾದರೆ ನೀರಿನ ವ್ಯವಸ್ಥೆ ಆದ ಮೇಲೇ ಸ್ಲ್ಯಾಬಿನ ದಿನ ಗೊತ್ತು ಮಾಡಬೇಕು. ಆ ನೀರು ಪಕ್ಕದ ಮಣ್ಣಿನ ಗೋಡೆಗೆ ಇಳಿಯದಂತೆ ಪೈಪು ಹಾಕಿ ದೂರ ಬಿಡುವುದೂ ಮರೆಯಬಾರದು. ಮಳೆಯಿಲ್ಲದ ಬೇಸಿಗೆಯಲ್ಲೇ ಹೀಗೆ ಗೋಡೆ ನೆನೆಯುವುದುಂಟು.

ಮನೆ ಬಿದ್ದರೆ ಪರಿಹಾರ ಎಷ್ಟು

ಸರ್ಕಾರದ ಪರಿಹಾರ ಪ್ರಕೃತಿ ವಿಕೋಪಕ್ಕೆ ಹಾಳಾದ ಮನೆಗೆ ಸಿಗುವಂಥದ್ದು. ಚಾವಣಿ ಬದಲಿಸುವ ಖರ್ಚಿಗೆ ಅಲ್ಲ. 2022–23ರಿಂದ 2025–26ರವರೆಗಿನ ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಮಾನದಂಡದಲ್ಲಿ ಬಯಲು ಪ್ರದೇಶದಲ್ಲಿ ಪೂರ್ತಿ ಹಾಳಾದ ಮನೆಗೆ ₹1,20,000 ಇತ್ತು. ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ ₹6,500, ಕಚ್ಚಾ ಮನೆಗೆ ₹4,000. ರಾಜ್ಯ ಸರ್ಕಾರ ಕೆಲ ವರ್ಷ ಇದಕ್ಕೆ ತನ್ನ ಪಾಲು ಸೇರಿಸಿದೆ. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗೆ ₹5 ಲಕ್ಷ ಘೋಷಿಸಿತ್ತು. ಆದರೆ ಅದನ್ನೇ ನಂಬಿ ಗೋಡೆ ಬಯಲಿಗೆ ಬಿಡುವಂತಿಲ್ಲ. ಭಾಗಶಃ ಹಾನಿಗೆ ಸಿಗುವ ಹಣದಲ್ಲಿ ಒಂದು ಬದಿಯ ಗೋಡೆಯೂ ಏಳುವುದಿಲ್ಲ.

ಮಳೆಗೆ ಹಾನಿಯಾದರೆ ಬಿದ್ದದ್ದನ್ನು ಎತ್ತಿಹಾಕುವ ಮುಂಚೆ ಫೋಟೊ ತೆಗೆದು, ಅಂದೇ ತಲಾಠಿಯವರಿಗೆ, ಅಂದರೆ ಗ್ರಾಮ ಆಡಳಿತ ಅಧಿಕಾರಿಗೆ, ಮತ್ತು ಪಂಚಾಯಿತಿ ಇಲ್ಲವೇ ಪುರಸಭೆಗೆ ಬರವಣಿಗೆಯಲ್ಲಿ ತಿಳಿಸಬೇಕು. ಕೆಲಸ ಶುರುವಾಗುವ ಮುಂಚಿನ ಮನೆಯ ಫೋಟೊ ಇದ್ದರೆ ಪರಿಶೀಲನೆಗೆ ಬಂದವರಿಗೆ ತೋರಿಸಲು ಆಧಾರವಾಗುತ್ತದೆ.

ಯಾವಾಗ ಶುರು, ಯಾವಾಗ ಬಂದ್

ಸಂಕ್ರಾಂತಿಯಿಂದ ಯುಗಾದಿವರೆಗೆ ಚಾವಣಿ ತೆಗೆಯಲು ಎಲ್ಲಕ್ಕಿಂತ ನಂಬಿಗಸ್ತ ಕಾಲ. ಯುಗಾದಿ ದಾಟಿ ಅಶ್ವಿನಿ, ಭರಣಿ ಮಳೆ ಹೊತ್ತಿಗೆ ಮಧ್ಯಾಹ್ನ ಉರಿ ಬಿಸಿಲು, ಸಂಜೆ ಗಾಳಿ, ಗುಡುಗು, ಆಲಿಕಲ್ಲು. ಆ ಗಾಳಿಗೆ ದಿಕ್ಕು ಇಲ್ಲ. ಬಸವ ಜಯಂತಿ ಆಸುಪಾಸಿನೊಳಗೆ ಹೊಸ ಚಾವಣಿ ಮೇಲೆ ಬಂದಿರಬೇಕು. ರೋಹಿಣಿ ಹೊತ್ತಿಗೆ ಗಿಲಾವ್, ದೋಣಿ, ಬುಡದ ಕಟ್ಟೆಯಂಥ ಸಣ್ಣ ಕೆಲಸವಷ್ಟೇ ಉಳಿದಿರಬೇಕು. ಜೂನ್ 8ರ ಸುಮಾರಿಗೆ ಮಿರಗ ಕೂಡುತ್ತದೆ. ಆ ದಿನಕ್ಕೆ ಒಂದು ಅಂಕಣವೂ ಬಯಲಾಗಿ ಇರಬಾರದು.

ಮಳೆಗಾಲ ಮುಗಿದ ಮೇಲೆ ಮಾಡುವವರು ಹಸ್ತಾ, ಚಿತ್ತಿ ಮಳೆ ದಾಟಿ ದೀಪಾವಳಿ ಆದ ಮೇಲೆ ಕೈ ಹಚ್ಚಿದರೆ ಲೇಸು. ಗೋಡೆ ಆಗ ಮೇಲೆ ಒಣಗಿ ಕಂಡರೂ ಒಳಗೆ ಹಸಿ ಇರುತ್ತದೆ. ಹದಿನೈದು ದಿನ ಬಿಸಿಲು ಕುಡಿಯಲು ಬಿಟ್ಟು ಆಮೇಲೆ ತೆಗೆಯಬೇಕು.

ಕೈಯಲ್ಲಿರುವ ದುಡ್ಡು ಇಡೀ ಮನೆಗೆ ಸಾಲದಿದ್ದರೆ ಎರಡು ಅಂಕಣ ಈ ವರ್ಷ, ಎರಡು ಮುಂದಿನ ವರ್ಷ ಎಂದು ಹಂಚಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಹಳೆ ಮಾಳಿಗೆ ಅರ್ಧ, ಹೊಸ ಪತ್ರಾ ಅರ್ಧ ಇರುವ ಮನೆ ನೋಡಲು ಚಂದ ಇರಲಿಕ್ಕಿಲ್ಲ. ಆದರೆ ನಡುರಾತ್ರಿ ಮಳೆ ಬಂದರೆ ಒಳಗಿದ್ದವರು ಗೋಡೆಗೆ ಹೆದರದೆ ಮಲಗಿರುತ್ತಾರೆ.